ತೂಕ 64 ಕೆ.ಜಿ., ಆದರೂ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ). ಗದ್ದ ಒಳಗಿರುವುದೇ ಕಾರಣ ಅಂತಾರೆ, ನಿಜವಾ?

ಕ್ಯಾತ್ಸಂದ್ರ_ಲೋಕಲ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ವಯಸ್ಸು 36. ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗಿಬರುವ ಗಿರಾಕಿ. ಎತ್ತರ 170 ಸೆಂ.ಮೀ., ತೂಕ 64 ಕೆ.ಜಿ. ಹೊಟ್ಟೆ ಇಲ್ಲ. ಶರ್ಟಿನ ಕಾಲರ್ 15 ಇಂಚು. ಕುಡಿಯುವುದಿಲ್ಲ, ಸಿಗರೇಟೂ ಇಲ್ಲ.

ಗೊರಕೆ ಹಾಸ್ಟೆಲಿನ ಕಾಲದಿಂದಲೂ ಇದೆ, ಅದನ್ನು ನಾನು ರೋಗ ಅಂದುಕೊಂಡಿರಲಿಲ್ಲ. ಹೆಂಡತಿ ಫೋನಿನಲ್ಲಿ ವಿಡಿಯೋ ಮಾಡಿ ತೋರಿಸಿದ ಮೇಲೆ ಭಯ ಆಯಿತು. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎದೆ ಹೊಟ್ಟೆ ಎರಡೂ ಒದ್ದಾಡುತ್ತಿವೆ, ಆದರೆ ಉಸಿರಿನ ಸದ್ದೇ ಇಲ್ಲ, ಆಮೇಲೆ ಒಂದು ದೊಡ್ಡ ಗುಟುರು ಹಾಕಿ ಮತ್ತೆ ಶುರು. ಬೆಳಗ್ಗೆ ಎದ್ದರೆ ತಲೆ ಭಾರ, ಬಾಯಿ ಒಣಗಿರುತ್ತದೆ. ರೈಲಿನಲ್ಲಿ ನಿಂತುಕೊಂಡೇ ತೂಕಡಿಸುತ್ತೇನೆ.

ಮೈತುಂಬ ವೈರ್ ಅಂಟಿಸಿ ರಾತ್ರಿ ಪರೀಕ್ಷೆ ಮಾಡಿದರು. ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತುಂಬಾ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ, 27 ಬಂತು. ಆಕ್ಸಿಜನ್ 83ಕ್ಕೆ ಇಳಿದಿತ್ತಂತೆ. ಇಎನ್‌ಟಿ ಡಾಕ್ಟರ್ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ "ಮಾಲಂಪಾಟಿ 4" ಅಂತ ಬರೆದರು. ಪಕ್ಕಕ್ಕೆ ತಿರುಗಿಸಿ ಮುಖ ನೋಡಿದರು. ಗದ್ದ ಹಿಂದಕ್ಕಿದೆ, ಅಂಗುಳ ಕಿರಿದು, ನಾಲಿಗೆಗೆ ಜಾಗ ಇಲ್ಲ ಅಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ.

ಗದ್ದಕ್ಕೂ ಉಸಿರು ನಿಲ್ಲುವುದಕ್ಕೂ ಏನು ಸಂಬಂಧ? ನಮ್ಮಪ್ಪನಿಗೂ ಇದೇ ಗದ್ದ, ಅವರದೂ ಜೋರು ಗೊರಕೆ, ಜತೆಗೆ ಬಿಪಿ. ಮಗಳಿಗೆ ಆರು ವರ್ಷ, ಅವಳೂ ಬಾಯಿ ತೆರೆದೇ ಮಲಗುತ್ತಾಳೆ. ಹಾಗಾದರೆ ಇದು ವಂಶದಲ್ಲೇ ಬಂದಿದ್ದಾ? ಜೀವನಪೂರ್ತಿ ರಾತ್ರಿ ಗಾಳಿ ಬಿಡುವ ಮೆಷಿನ್ ಹಾಕಿಕೊಳ್ಳದೆ ಬೇರೆ ದಾರಿ ಇದೆಯಾ? ತೂಕ ಇಳಿಸು ಅಂತ ಮಾತ್ರ ಯಾರೂ ಹೇಳಬೇಡಿ. ಆಫೀಸಿನಲ್ಲಿ ಅದನ್ನು ಕೇಳಿ ಕೇಳಿ ಸಾಕಾಗಿದೆ.

ತಿಪಟೂರು_ಕೊಬ್ಬರಿ:

ಗುರು, ಪಕ್ಕಕ್ಕೆ ತಿರುಗಿ ಮಲಗು, ಎಲ್ಲ ಸರಿಹೋಗುತ್ತದೆ. ನಮ್ಮ ತಾತ ಗೊರಕೆ ಹೊಡೆದರೆ ಪಕ್ಕದ ಬೀದಿಗೆ ಕೇಳುತ್ತಿತ್ತು, 88 ವರ್ಷ ಬದುಕಿದರು. ಸುಮ್ನೆ ಟೆನ್ಷನ್ ಮಾಡಿಕೊಳ್ಳಬೇಡ.

ಕೋಲಾರ_ಹಲ್ಲು_ದವಡೆ:

ತಾತ ಪುಣ್ಯವಂತರು. ಆದರೆ ಗಂಟೆಗೆ 27 ಅನ್ನುವುದು ಬರೀ ಗೊರಕೆ ಅಲ್ಲ. ಪ್ರತಿ ಗಂಟೆಯಲ್ಲಿ ಸರಾಸರಿ 27 ಸಲ, ಒಂದೊಂದು ಸಲವೂ ಕನಿಷ್ಠ 10 ಸೆಕೆಂಡು, ಉಸಿರು ನಿಂತಿದೆ ಅಥವಾ ತುಂಬಾ ಕಡಿಮೆಯಾಗಿದೆ ಅಂತ ಅರ್ಥ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಇವರು ಮಧ್ಯಮದ ಮೇಲಿನ ಅಂಚಿನಲ್ಲಿದ್ದಾರೆ.

ನಾನು ಆರ್ಥೊಡಾಂಟಿಸ್ಟ್, ಹಲ್ಲಿನ ಸಾಲು ಮತ್ತು ದವಡೆ ಸರಿಮಾಡುವವಳು. ನಿಮ್ಮನ್ನು ನೋಡಿಲ್ಲ ಸರ್, ಆದ್ದರಿಂದ ಇದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ, ವಿವರಣೆ ಅಷ್ಟೇ.

ಮೂಗಿನ ಒಳಭಾಗಕ್ಕೆ ಸುತ್ತ ಮೂಳೆಯ ಆಸರೆ ಇದೆ. ಕೆಳಗೆ ಶ್ವಾಸನಾಳಕ್ಕೆ ಮೆತ್ತನೆ ಎಲುಬಿನ ಉಂಗುರಗಳಿವೆ. ಇವೆರಡರ ನಡುವೆ, ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗೆ, ಸುಮಾರು 12-13 ಸೆಂ.ಮೀ. ದಾರಿ ಇದೆ ನೋಡಿ, ಅದರ ಬಹುಪಾಲು ಗೋಡೆ ಬರೀ ಮಾಂಸ. ಅದೇ ದಾರಿಯಲ್ಲಿ ಊಟ ಇಳಿಯಬೇಕು, ಮಾತು ಹೊರಡಬೇಕು, ಉಸಿರೂ ಓಡಾಡಬೇಕು. ಗಟ್ಟಿ ಕೊಳವೆ ಆಗಿದ್ದರೆ ನುಂಗಲು ಆಗುತ್ತಿರಲಿಲ್ಲ. ಎಚ್ಚರ ಇರುವಾಗ ಸ್ನಾಯುಗಳು ಬಿಗಿಯಾಗಿದ್ದು ಆ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದರೆ ಬಿಗಿ ಸಡಿಲ. ಕನಸು ಬೀಳುವ ಹಂತದಲ್ಲಿ ಇನ್ನೂ ಸಡಿಲ. ಅದಕ್ಕೇ ಹಗಲು ಎಷ್ಟೇ ಇಕ್ಕಟ್ಟಾದ ಗಂಟಲಾದರೂ ತೊಂದರೆ ಗೊತ್ತೇ ಆಗುವುದಿಲ್ಲ.

ಈಗ ಗದ್ದ. ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿಯುವ ದೊಡ್ಡ ಸ್ನಾಯುವಿಗೆ ಜೀನಿಯೋಗ್ಲಾಸಸ್ ಅಂತಾರೆ. ಅದು ಹುಟ್ಟುವುದೇ ಗದ್ದದ ಮೂಳೆಯ ಒಳಮೈಯಲ್ಲಿ, ಅಲ್ಲಿಂದ ನಾಲಿಗೆ ತುಂಬ ಹರಡಿಕೊಂಡಿದೆ. ಕೆಳದವಡೆ ಚಿಕ್ಕದಾಗಿ ಹಿಂದಕ್ಕಿದ್ದರೆ ಆ ಸ್ನಾಯುವಿನ ಬುಡವೂ ಹಿಂದಕ್ಕೆ ಬಂತು, ನಾಲಿಗೆ ಇಡಿಯಾಗಿ ಗಂಟಲಿನ ಹತ್ತಿರಕ್ಕೆ ಬಂತು. ಅಂಗಾತ ಮಲಗಿದರೆ ಉಳಿದ ಜಾಗವೂ ಮುಚ್ಚಿಹೋಗುತ್ತದೆ.

ಟ್ರಂಕಿಗೆ ಹಾಸಿಗೆ ತುರುಕುವುದನ್ನು ನೆನಪಿಸಿಕೊಳ್ಳಿ. ಹಾಸಿಗೆ ದಪ್ಪಗಿದ್ದರೂ ಮುಚ್ಚಳ ಕೂರುವುದಿಲ್ಲ, ಟ್ರಂಕು ಚಿಕ್ಕದಿದ್ದರೂ ಕೂರುವುದಿಲ್ಲ. ಟ್ರಂಕು ಅಂದರೆ ಮುಖದ ಮೂಳೆ. ಹಾಸಿಗೆ ಅಂದರೆ ನಾಲಿಗೆ, ಟಾನ್ಸಿಲ್, ಮೆದು ಅಂಗುಳ, ಗಂಟಲ ಪಕ್ಕದ ಗೋಡೆ, ಅಲ್ಲೆಲ್ಲ ಸೇರುವ ಕೊಬ್ಬು. ದಪ್ಪಗಿರುವವರಿಗೆ ಸಾಮಾನ್ಯವಾಗಿ ಈ ಹಾಸಿಗೆಯೇ ಜಾಸ್ತಿ ದಪ್ಪ. ನಾಲಿಗೆಯ ಒಳಗೂ ಕೊಬ್ಬು ಸೇರುತ್ತದೆ, ಎಂಆರ್‌ಐ ಮಾಡಿ ಅಳೆದಿದ್ದಾರೆ. ತೂಕ ಇಳಿಸಿದಾಗ ಅಪ್ನಿಯಾ ಕಡಿಮೆಯಾಗಲು ನಾಲಿಗೆಯ ಕೊಬ್ಬು ಕರಗುವುದು ಒಂದು ದೊಡ್ಡ ಕಾರಣ ಅಂತ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು. ನಿಮ್ಮ ವಿಷಯದಲ್ಲಿ ಟ್ರಂಕೇ ಚಿಕ್ಕದು ಅನಿಸುತ್ತದೆ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22, ಇಳಿಸಲು ಏನಿದೆ? ಮೇಲಕ್ಕೆ ಹೋಗದಂತೆ ನೋಡಿಕೊಳ್ಳಿ, ಯಾಕೆಂದರೆ ನಿಮಗೆ ಐದಾರು ಕೆ.ಜಿ. ಏರಿದರೂ ಬೇರೆಯವರಿಗಿಂತ ಬೇಗ ತೊಂದರೆ ಆಗಬಹುದು. ಏಷ್ಯಾದವರಲ್ಲಿ ಇದು ಜಾಸ್ತಿ ಕಾಣುತ್ತದೆ. ಚೀನೀಯರನ್ನೂ ಬಿಳಿಯರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಅಷ್ಟೇ ತೀವ್ರತೆಯ ಅಪ್ನಿಯಾಕ್ಕೆ ಚೀನೀಯರ ತೂಕ ಕಡಿಮೆ ಇತ್ತು, ಮುಖದ ಮೂಳೆಯ ಇಕ್ಕಟ್ಟು ಜಾಸ್ತಿ ಇತ್ತು.

ಅಂಗುಳದ ಮಾತು ಬಿಟ್ಟಿದ್ದೆ. ಬಾಯಿಯ ಚಾವಣಿಯೇ ಮೂಗಿನ ನೆಲ. ಮೇಲ್ದವಡೆ ಕಿರಿದಾಗಿ ಅಂಗುಳ ಮೇಲಕ್ಕೆ ಎದ್ದಿದ್ದರೆ ನಾಲಿಗೆಗೂ ಜಾಗ ಕಮ್ಮಿ, ಮೂಗಿಗೂ ಕಮ್ಮಿ. ಮೂಗಿನ ಗಾಳಿ ಸಾಲದೆ ಬಾಯಿ ತೆರೆದರೆ ಕೆಳದವಡೆ ಕೆಳಕ್ಕೂ ಹಿಂದಕ್ಕೂ ತಿರುಗುತ್ತದೆ. ಆಗ ನಾಲಿಗೆ ಮತ್ತೂ ಹಿಂದೆ. ಒಂದಕ್ಕೊಂದು ಕೊಂಡಿ.

ಆಮೇಲೆ ಆ ಮಾಲಂಪಾಟಿ. ನಮ್ಮ ಪಕ್ಕದ ಆಂಧ್ರದ ಮೂಲದ, ಅಮೆರಿಕದಲ್ಲಿ ಕೆಲಸ ಮಾಡಿದ ಅರಿವಳಿಕೆ ವೈದ್ಯರ ಹೆಸರು ಅದು. ಆಪರೇಷನ್ನಿಗೆ ಮುಂಚೆ ಯಾರಿಗೆ ಗಂಟಲಲ್ಲಿ ಟ್ಯೂಬ್ ಹಾಕುವುದು ಕಷ್ಟ ಆಗಬಹುದು ಅಂತ ಊಹಿಸಲು 1985ರಲ್ಲಿ ಅವರು ಪ್ರಕಟಿಸಿದ ಅಳತೆ. ಕುಳಿತು, ಬಾಯಿ ಪೂರ್ತಿ ತೆರೆದು, ನಾಲಿಗೆ ಹೊರಗೆ ಚಾಚಬೇಕು, "ಆ" ಅನ್ನಬಾರದು. ಕಿರುನಾಲಿಗೆ, ಟಾನ್ಸಿಲ್ ಕಂಬಗಳು ಎಲ್ಲ ಕಂಡರೆ ಒಂದನೇ ದರ್ಜೆ. ಗಟ್ಟಿ ಅಂಗುಳ ಬಿಟ್ಟು ಏನೂ ಕಾಣದಿದ್ದರೆ ನಾಲ್ಕು. ಕನ್ನಡಿ ಮುಂದೆ ಯಾರು ಬೇಕಾದರೂ ನೋಡಿಕೊಳ್ಳಬಹುದು. ಆದರೆ ನಾಲ್ಕು ಬಂತು ಅಂದ ಮಾತ್ರಕ್ಕೆ ಅಪ್ನಿಯಾ ಅಂತಲ್ಲ. ಗದ್ದ ಹಿಂದಕ್ಕಿರುವ ಎಷ್ಟೋ ಜನ ಸುಖವಾಗಿ ನಿದ್ದೆ ಮಾಡುತ್ತಾರೆ. ಮುಖ ಅನುಮಾನ ಹುಟ್ಟಿಸುತ್ತದೆ, ರಾತ್ರಿಯ ಪರೀಕ್ಷೆ ಮಾತ್ರ ಹೌದೋ ಅಲ್ಲವೋ ಹೇಳುತ್ತದೆ.

ಶಿರಾ_ಗೇಟ್:

ಸೂಪರ್ ಮೇಡಂ. ಇನ್‌ಸ್ಟಾದಲ್ಲಿ "ಮ್ಯೂಯಿಂಗ್" ಅಂತ ಬರುತ್ತಲ್ಲ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಮುಂದೆ ಬರುತ್ತದೆ ಅಂತ. ಅದು ವರ್ಕ್ ಆಗುತ್ತಾ? ನಾನು ಮಾಡುತ್ತಿದ್ದೇನೆ. ಇನ್ನೊಂದು, ಈಗಿನ ಮಕ್ಕಳು ಮೆತ್ತಗಿನ ಬ್ರೆಡ್ಡು ನೂಡಲ್ಸು ತಿಂದು ದವಡೆ ಸಣ್ಣ ಆಗಿದೆ, ನಮ್ಮ ಹಿರಿಯರು ಮುದ್ದೆ ತಿಂದು ಗಟ್ಟಿ ದವಡೆ ಬೆಳೆಸಿಕೊಂಡಿದ್ದರು ಅಂತ ಒಬ್ಬರು ವಿಡಿಯೋ ಮಾಡಿದ್ದರು.

ಚಿಂತಾಮಣಿ_ಟೊಮ್ಯಾಟೊ:

ಮುದ್ದೆ ಅಗಿದು ತಿನ್ನುವ ಮನುಷ್ಯ ಈ ಮೂರು ಜಿಲ್ಲೆಯಲ್ಲಿ ಎಲ್ಲಿದ್ದಾನೆ ಸ್ವಾಮಿ? ನುಂಗುವುದಲ್ವಾ ಅದು. ವಿಡಿಯೋ ಮಾಡಿದವನು ಯಾವ ಊರಿನವನೋ!

ಕೋಲಾರ_ಹಲ್ಲು_ದವಡೆ:

ಹ್ಹ ಹ್ಹ, ಮುದ್ದೆಗೆ ಆ ಕ್ರೆಡಿಟ್ ಕೊಡಲು ಆಗುವುದಿಲ್ಲ.

ಬೆಳೆಯುವ ವಯಸ್ಸಿನಲ್ಲಿ ಗಟ್ಟಿ ಆಹಾರ ಅಗಿಯುವುದಕ್ಕೂ ದವಡೆ ಬೆಳೆಯುವುದಕ್ಕೂ ಸಂಬಂಧ ಇದೆ ಅನ್ನುವುದು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡಿದೆ. ಬೆಳೆದು ನಿಂತ ಮೇಲೆ ಅಲ್ಲ. ಮ್ಯೂಯಿಂಗ್ ಬಗ್ಗೆ ನೇರವಾಗಿ ಹೇಳುತ್ತೇನೆ, 25 ದಾಟಿದವರ ದವಡೆಯ ಮೂಳೆ ನಾಲಿಗೆ ಒತ್ತಿದ್ದಕ್ಕೆ ಮುಂದೆ ಬರುವುದಿಲ್ಲ. ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬಹುದು, ಅದು ಕತ್ತು ಎತ್ತಿ ಫೋಟೋ ತೆಗೆದಿದ್ದಕ್ಕೆ.

ನಾಲಿಗೆ, ಅಂಗುಳ, ಗಂಟಲಿನ ಸ್ನಾಯುಗಳ ವ್ಯಾಯಾಮ ಬೇರೆ ವಿಷಯ. ಅದು ಮೂಳೆ ಬದಲಿಸುವುದಿಲ್ಲ, ಸ್ನಾಯುವನ್ನು ಬಿಗಿ ಮಾಡುತ್ತದೆ, ಕೆಲವರಿಗೆ ಎಎಚ್‌ಐ ಚೆನ್ನಾಗಿಯೇ ಇಳಿದಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನವರು ಮಧ್ಯಮ ಮಟ್ಟದ ಅಪ್ನಿಯಾ ಇದ್ದ 25 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಅನ್ನುವ ಉದ್ದನೆಯ ಊದುವ ವಾದ್ಯ ಕಲಿಸಿದರು. ನಾಲ್ಕು ತಿಂಗಳು ಊದಿದವರಿಗೆ ಹಗಲಿನ ತೂಕಡಿಕೆಯೂ ಎಎಚ್‌ಐಯೂ ಕಡಿಮೆಯಾಯಿತು. ತಮಾಷೆ ಅಲ್ಲ, ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದದ್ದು.

ತಿಪಟೂರು_ಕೊಬ್ಬರಿ:

ಹಾಗಾದರೆ ವಾಲಗದವರಿಗೆ ಗೊರಕೆನೇ ಬರಬಾರದು. ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ, ನಾಳೆ ಅವರ ಮನೆಯವರನ್ನು ಕೇಳಿ ಹೇಳುತ್ತೇನೆ 😄

ಚಿಂತಾಮಣಿ_ಟೊಮ್ಯಾಟೊ:

ಸರಿ, ಮೆಷಿನ್ ಬಗ್ಗೆ ನಾನು ಹೇಳುತ್ತೇನೆ. ನಾನು ಸಿಪ್ಯಾಪ್ ಹಾಕಿಕೊಂಡೇ ಮಲಗುವವನು. ಟೊಮ್ಯಾಟೊ ಮಂಡಿ ವ್ಯವಹಾರ, ರಾತ್ರಿ ಮಲಗುವುದು ತಡ, ಬೆಳಗಿನ ಜಾವ ಏಳಬೇಕು. ನನ್ನದು ಮೇಡಂ ಹೇಳಿದ ಹಾಸಿಗೆ ದಪ್ಪದ ಕೇಸು. ಕುತ್ತಿಗೆ ಸುತ್ತಳತೆ 18 ಇಂಚು. ಗಂಡಸರಿಗೆ 17 ದಾಟಿದರೆ, ಹೆಂಗಸರಿಗೆ 16 ದಾಟಿದರೆ ಅನುಮಾನ ಪಡಬೇಕು ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಮುಳಬಾಗಿಲು ಕಡೆಯಿಂದ ಬರುವಾಗ ಹೆದ್ದಾರಿಯಲ್ಲಿ ಸ್ಟೀರಿಂಗ್ ಮೇಲೆ ಕಣ್ಣು ಮುಚ್ಚಿ ಡಿವೈಡರ್ ಸವರಿಕೊಂಡು ಹೋಗಿದ್ದೆ. ದೇವರು ದೊಡ್ಡವನು. ಕ್ಯಾತ್ಸಂದ್ರ ಅಣ್ಣ, ನೀವು ರೈಲಿನಲ್ಲಿ ಓಡಾಡುವುದು ಒಳ್ಳೆಯದೇ ಆಯಿತು, ಇದು ಸರಿಹೋಗುವ ತನಕ ದೂರದ ದಾರಿಗೆ ಗಾಡಿ ಓಡಿಸಬೇಡಿ.

ಸಿಪ್ಯಾಪ್ ಔಷಧಿ ಅಲ್ಲ, ಆಕ್ಸಿಜನ್ನೂ ಅಲ್ಲ. ಮಾಮೂಲಿ ಗಾಳಿಯನ್ನೇ ಒತ್ತಡದಲ್ಲಿ ಬಿಡುತ್ತದೆ, ಆ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಮೂಳೆ ಚಿಕ್ಕದೋ ಕೊಬ್ಬು ಜಾಸ್ತಿಯೋ ಅದಕ್ಕೆ ಸಂಬಂಧ ಇಲ್ಲ, ಎರಡಕ್ಕೂ ಕೆಲಸ ಮಾಡುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ಡಾಕ್ಟರ್ 1981ರಲ್ಲಿ ಇದನ್ನು ಪ್ರಕಟಿಸಿದ್ದು. ಅದಕ್ಕೆ ಮುಂಚೆ ತೀವ್ರ ಅಪ್ನಿಯಾ ಇದ್ದವರಿಗೆ ಗಂಟಲಿಗೇ ತೂತು ಮಾಡಿ ಟ್ಯೂಬ್ ಇಡುತ್ತಿದ್ದರಂತೆ. ಅದನ್ನು ಓದಿದ ಮೇಲೆ ಮಾಸ್ಕ್ ಬಗ್ಗೆ ನಾನು ದೂರುವುದನ್ನು ಬಿಟ್ಟೆ.

ಮಾಸ್ಕ್ ವಿಷಯ ಮಾತ್ರ ಗಮನ ಕೊಟ್ಟು ಕೇಳಿ, ಗದ್ದ ಒಳಗಿರುವವರಿಗೆ ಇದು ಬಹಳ ಮುಖ್ಯ. ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಇರುತ್ತದಲ್ಲ, ಅದರ ಪಟ್ಟಿ ಬಿಗಿ ಮಾಡಿದಷ್ಟೂ ಅದು ಕೆಳದವಡೆಯನ್ನು ಹಿಂದಕ್ಕೆ ತಳ್ಳುತ್ತದೆ. ನಾಲಿಗೆ ಮತ್ತೆ ಹಿಂದೆ ಹೋಗುತ್ತದೆ, ಮೆಷಿನ್ ಒತ್ತಡ ಏರಿಸಬೇಕಾಗುತ್ತದೆ, ಗಾಳಿ ಸೋರುತ್ತದೆ, ಪಟ್ಟಿ ಇನ್ನೂ ಬಿಗಿ ಮಾಡುತ್ತೀರಿ. ನಮ್ಮ ಷಡ್ಡಕನಿಗೆ ಹೀಗೇ ಆಯಿತು. ಅಂಗಡಿಯವನು ಇದ್ದ ಸ್ಟಾಕಿನಲ್ಲಿ ಒಂದು ದೊಡ್ಡ ಮಾಸ್ಕ್ ಕೊಟ್ಟು ಕಳಿಸಿದ್ದ. ಮೂಗಿಗೆ ಮಾತ್ರ ಹಾಕುವ ಚಿಕ್ಕ ಮಾಸ್ಕಿಗೆ ಬದಲಿಸಿದ ಮೇಲೆ ಒತ್ತಡವೂ ಇಳಿಯಿತು, ಅವನ ಕೋಪವೂ ಇಳಿಯಿತು. ಮೂಗು ಕಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಮೂಗಿನ ಮಾಸ್ಕ್ ತಡೆಯಲು ಆಗುವುದಿಲ್ಲ. ಗಡ್ಡ ಮೀಸೆ ದಟ್ಟವಾಗಿದ್ದರೂ ಸೋರುತ್ತದೆ.

ಕರೆಂಟು ಹೋದರೆ ಮೆಷಿನ್ ನಿಲ್ಲುತ್ತದೆ, ಉಸಿರು ಕಟ್ಟಿ ಸಾಯುವುದಿಲ್ಲ, ಮಾಸ್ಕಿನಲ್ಲಿ ಗಾಳಿಗೆ ತೂತು ಇರುತ್ತದೆ. ಆದರೂ ಇನ್ವರ್ಟರಿಗೆ ಹಾಕಿಕೊಳ್ಳಿ, ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ.

ಶಿಡ್ಲಘಟ್ಟ_ರೇಷ್ಮೆ_ಅಮ್ಮ:

ಮಗಳ ಬಗ್ಗೆ ಬರೆದಿದ್ದೀರಿ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ ಅಂತ ಬರೆಯುತ್ತಿದ್ದೇನೆ. ದಯವಿಟ್ಟು ಅದನ್ನು ಮುಂದಕ್ಕೆ ಹಾಕಬೇಡಿ ಸರ್.

ನನ್ನ ಮಗನದೂ ಅದೇ. ಸದಾ ಬಾಯಿ ತೆರೆದಿರುತ್ತಿದ್ದ, ಕಣ್ಣ ಕೆಳಗೆ ಕಪ್ಪು, ರಾತ್ರಿ ಬೆವರು, ಕತ್ತನ್ನು ಹಿಂದಕ್ಕೆ ಬಾಗಿಸಿಕೊಂಡು ವಿಚಿತ್ರವಾಗಿ ಮಲಗುತ್ತಿದ್ದ. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದು ಮತ್ತೆ ಶುರುವಾಯಿತು. ಸ್ಕೂಲಿನಲ್ಲಿ ಒಂದು ಕಡೆ ಕೂರುವುದಿಲ್ಲ, ಗಮನ ಇಲ್ಲ ಅಂತ ದೂರು. ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಿಲ್ಲ, ನಿದ್ದೆ ಸಾಲದಿದ್ದರೆ ಚೇಷ್ಟೆ ಜಾಸ್ತಿ ಆಗುತ್ತದೆ ಅಂತ ಮಕ್ಕಳ ಡಾಕ್ಟರ್ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ನಮ್ಮ ಅತ್ತೆ ದೃಷ್ಟಿ ತೆಗೆಸಿದರು, ಅದೂ ಆಗಲಿ ಅಂತ ನಾನೂ ಸುಮ್ಮನಿದ್ದೆ.

ಎಕ್ಸ್‌ರೇಯಲ್ಲಿ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನುವ ಗಂಟು ದೊಡ್ಡದಾಗಿ ದಾರಿಯನ್ನೇ ಮುಚ್ಚಿತ್ತು, ಟಾನ್ಸಿಲ್ ಎರಡೂ ನಡುವೆ ಮುಟ್ಟುವಷ್ಟು ಊದಿದ್ದವು. ಎರಡನ್ನೂ ತೆಗೆಸಿದೆವು. ಹೆದರಿದ್ದೆ, ಆದರೆ ಮಗು ಬಾಯಿ ಮುಚ್ಚಿಕೊಂಡು ಮಲಗಿದ್ದನ್ನು ನೋಡಿ ಸಾಕು ಅನಿಸಿತು. ಮೇಡಂ, ಬಾಯಿಯಲ್ಲಿ ಉಸಿರಾಡಿದರೆ ಮಕ್ಕಳ ಮುಖವೇ ಉದ್ದ ಆಗುತ್ತದೆ ಅನ್ನುತ್ತಾರೆ, ಅದು ನಿಜವಾ? ಅವನ ಮೇಲಿನ ಹಲ್ಲು ಸ್ವಲ್ಪ ಮುಂದೆ ಬಂದಿದೆ.

ಕೋಲಾರ_ಹಲ್ಲು_ದವಡೆ:

ಅಕ್ಕ, ನೀವು ಹೇಳಿದ ಮುಖಕ್ಕೆ ನಮ್ಮಲ್ಲಿ ಅಡಿನಾಯ್ಡ್ ಮುಖ ಅಂತಲೇ ಹೆಸರಿದೆ. ಮುಖ ಉದ್ದ, ತುಟಿ ಕೂಡುವುದಿಲ್ಲ, ಮೇಲ್ದವಡೆ ಕಿರಿದು, ಅಂಗುಳ ಎತ್ತರ, ಮೇಲಿನ ಹಲ್ಲು ಮುಂದೆ, ಗದ್ದ ಹಿಂದೆ. ನಾಲಿಗೆ ಅಂಗುಳಕ್ಕೆ ತಾಗಿ ಕೂತಿದ್ದರೆ ಮೇಲ್ದವಡೆ ಅಗಲವಾಗಿ ಬೆಳೆಯಲು ಒಳಗಿನಿಂದ ಆಸರೆ ಸಿಗುತ್ತದೆ. ಬಾಯಿ ತೆರೆದರೆ ನಾಲಿಗೆ ಕೆಳಗಿಳಿಯುತ್ತದೆ, ಕೆನ್ನೆಗಳ ಒತ್ತಡ ಮಾತ್ರ ಉಳಿಯುತ್ತದೆ. ಬಾಯಿ ಉಸಿರಾಟ ಒಂದರಿಂದಲೇ ಮುಖ ಹೀಗಾಗುತ್ತದೋ, ಮುಂಚೆಯೇ ಅಂಥ ಮುಖ ಇದ್ದವರಿಗೆ ಬಾಯಿ ಉಸಿರಾಟ ಬರುತ್ತದೋ ಅನ್ನುವುದರಲ್ಲಿ ನಮ್ಮವರಲ್ಲೇ ವಾದ ಇದೆ. ಎರಡೂ ಸೇರಿರುತ್ತವೆ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಮಗನನ್ನು ಹತ್ತಿರದ ಯಾರಾದರೂ ಆರ್ಥೊಡಾಂಟಿಸ್ಟ್‌ಗೆ ತೋರಿಸಿಬಿಡಿ, ಪೂರ್ತಿ ಹಲ್ಲು ಬರುವ ತನಕ ಕಾಯಬೇಕಿಲ್ಲ.

ಕ್ಯಾತ್ಸಂದ್ರ ಸರ್, ಆರು ವರ್ಷದ ಮಗುವಿಗೂ ದೊಡ್ಡವರ ಅಂಕಿ ಹಾಕಬಾರದು. ಮಕ್ಕಳಲ್ಲಿ ಗಂಟೆಗೆ ಒಂದು ಸಲ ಉಸಿರು ನಿಂತರೂ ಅಸಹಜ ಅಂತ ಲೆಕ್ಕ. ಅಡಿನಾಯ್ಡ್ ಗಂಟಲಿನ ಅಳತೆಗೆ ಅತಿ ದೊಡ್ಡದಾಗಿರುವುದು ಹೆಚ್ಚುಕಮ್ಮಿ ಮೂರರಿಂದ ಆರು ವರ್ಷದಲ್ಲೇ, ಹದಿವಯಸ್ಸಿನ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಹಾಗಂತ ಕುಗ್ಗಲಿ ಬಿಡು ಅಂತ ಕೂರಲು ಆಗುವುದಿಲ್ಲ, ಅಷ್ಟರಲ್ಲಿ ಮುಖದ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಮೇಲ್ದವಡೆಯ ನಡುವಿನ ಕೂಡು ಮಕ್ಕಳಲ್ಲಿ ಇನ್ನೂ ಬೆಸೆದಿರುವುದಿಲ್ಲ. ಅಂಗುಳಕ್ಕೆ ಸ್ಕ್ರೂ ಇರುವ ಒಂದು ಪ್ಲೇಟ್ ಕೂರಿಸಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ಅಗಲ ಆಗುತ್ತದೆ, ಜತೆಗೆ ಮೂಗಿನ ಒಳಜಾಗವೂ ಹೆಚ್ಚುತ್ತದೆ. ನಿಮ್ಮ ವಯಸ್ಸಿನಲ್ಲಿ ಅದನ್ನೇ ಮಾಡಬೇಕಾದರೆ ಮೂಳೆಗೆ ಸ್ಕ್ರೂ ಹಾಕಬೇಕು ಇಲ್ಲವೇ ಮೂಳೆ ಕತ್ತರಿಸಬೇಕು.

ವಂಶದ ಮಾತು ನಿಜ. ಮುಖದ ಮೂಳೆಯ ಆಕಾರ ಅಪ್ಪ ಅಮ್ಮನಿಂದ ಬರುತ್ತದೆ. ನಿಮ್ಮ ತಂದೆಗೆ ಬಿಪಿ ಇದೆ ಅಂದಿರಿ, ಮಾತ್ರೆ ತಗೊಂಡರೂ ಹಿಡಿತಕ್ಕೆ ಬರುತ್ತಿಲ್ಲ ಅನ್ನುವುದಾದರೆ ಅವರಿಗೂ ರಾತ್ರಿ ಪರೀಕ್ಷೆ ಮಾಡಿಸಿ. ಅಪ್ನಿಯಾದಿಂದ ಬಿಪಿ ಏರುವುದು ಚೆನ್ನಾಗಿ ಗೊತ್ತಿರುವ ಸಂಗತಿ.

ಕ್ಯಾತ್ಸಂದ್ರ_ಲೋಕಲ್:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಈ ಶನಿವಾರ ಅಪಾಯಿಂಟ್‌ಮೆಂಟ್ ತಗೊಂಡೆ. ಅಪ್ಪ ಮಾತ್ರ "ನನಗೇನಾಗಿದೆ" ಅಂತ ಒಪ್ಪುತ್ತಿಲ್ಲ.

ನನ್ನದು ಮುಖದ ಪಕ್ಕದ ಎಕ್ಸ್‌ರೇ ತೆಗೆಸಿದೆ. ರಿಪೋರ್ಟಿನಲ್ಲಿ ಎಸ್‌ಎನ್‌ಎ 81, ಎಸ್‌ಎನ್‌ಬಿ 74 ಅಂತಿದೆ. ಹಯಾಯ್ಡ್ ಮೂಳೆ 24 ಮಿ.ಮೀ. ಕೆಳಗೆ ಅಂತಲೂ ಇದೆ. ರಾತ್ರಿ ಪರೀಕ್ಷೆಯ ಹಾಳೆ ಮತ್ತೆ ತೆಗೆದು ನೋಡಿದೆ, ಅಂಗಾತ ಮಲಗಿದಾಗ 41, ಪಕ್ಕಕ್ಕೆ ಮಲಗಿದಾಗ 9 ಅಂತ ಬೇರೆ ಬೇರೆ ಬರೆದಿದ್ದಾರೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ತಿಪಟೂರಿನವರ ಸಲಹೆ ಅಷ್ಟೇನೂ ಕೆಟ್ಟದಲ್ಲ ಅನ್ನಿಸುತ್ತಿದೆ.

ಆನ್‌ಲೈನಿನಲ್ಲಿ ಬಿಸಿನೀರಲ್ಲಿ ಅದ್ದಿ ಹಲ್ಲಿಗೆ ಕಚ್ಚಿಕೊಳ್ಳುವ ಕ್ಲಿಪ್ಪು ಸಾವಿರದ ಒಳಗೆ ಸಿಗುತ್ತದೆ. ಅದು ಸಾಕಾ? ಇಲ್ಲ ಗದ್ದದ ಆಪರೇಷನ್ ಮಾಡಿಸಿಕೊಂಡು ಒಂದೇ ಸಲ ಮುಗಿಸಿಬಿಡಲಾ?

ತಿಪಟೂರು_ಕೊಬ್ಬರಿ:

ನೋಡಿದಿರಾ, ಕೊಬ್ಬರಿ ಊರಿನವರ ಮಾತು ಕೇಳಬೇಕು.

ಕೋಲಾರ_ಹಲ್ಲು_ದವಡೆ:

ನಿಮ್ಮ ಮಾತು ಅರ್ಧ ಸರಿ ಕೊಬ್ಬರಿ ಸರ್, ಪಕ್ಕಕ್ಕೆ ಮಲಗಿದರೂ 9 ಇದೆಯಲ್ಲ, ಪೂರ್ತಿ ಹೋಗಿಲ್ಲ. ಜತೆಗೆ ನಿದ್ದೆಯಲ್ಲಿ ಇಡೀ ರಾತ್ರಿ ಪಕ್ಕಕ್ಕೇ ಇರುವುದು ಯಾರ ಕೈಯಲ್ಲೂ ಇಲ್ಲ. ಆದರೆ ಅಂಗಾತ ಮಲಗಿದಾಗ ಇಷ್ಟು ವ್ಯತ್ಯಾಸ ಆಗುವುದು ನಾಲಿಗೆ ಹಿಂದಕ್ಕೆ ಬೀಳುತ್ತಿದೆ ಅನ್ನುವುದಕ್ಕೆ ಹೊಂದುತ್ತದೆ.

ಎಕ್ಸ್‌ರೇ ಅಂಕಿ ಹೀಗೆ ಓದಿ. ತಲೆಬುರುಡೆಯ ಬುಡಕ್ಕೆ ಹೋಲಿಸಿದರೆ ಮೇಲ್ದವಡೆ ಎಷ್ಟು ಮುಂದಿದೆ ಅನ್ನುವ ಕೋನ ಎಸ್‌ಎನ್‌ಎ, ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸು. ಕೆಳದವಡೆಯದು ಎಸ್‌ಎನ್‌ಬಿ, ಅದು 80ರ ಹತ್ತಿರ. ವ್ಯತ್ಯಾಸ ಎರಡು ಇರಬೇಕಾದದ್ದು ನಿಮಗೆ ಏಳಿದೆ. ಮೇಲ್ದವಡೆ ಜಾಗದಲ್ಲೇ ಇದೆ, ಕೆಳದವಡೆ ಹಿಂದೆ. ಹಯಾಯ್ಡ್ ಅಂದರೆ ನಾಲಿಗೆಯ ಬುಡದಲ್ಲಿರುವ ಚಿಕ್ಕ ಮೂಳೆ, ಬೇರೆ ಯಾವ ಮೂಳೆಗೂ ಕೂಡಿಕೊಂಡಿಲ್ಲ, ಸ್ನಾಯುಗಳಲ್ಲೇ ತೂಗಾಡುತ್ತಿರುತ್ತದೆ. ದವಡೆಯ ಅಂಚಿನಿಂದ 15 ಮಿ.ಮೀ. ಹತ್ತಿರ ಇರುವುದು 24ಕ್ಕೆ ಇಳಿದಿದೆ ಅಂದರೆ ನಾಲಿಗೆಯ ಬುಡವೂ ಕೆಳಗಿಳಿದಿದೆ. ಅಪ್ನಿಯಾ ಇರುವವರಲ್ಲಿ ಇದು ಪದೇ ಪದೇ ಕಾಣುತ್ತದೆ. ಆದರೂ ಆ ಎಕ್ಸ್‌ರೇ ಎಚ್ಚರ ಇದ್ದಾಗ, ನೆಟ್ಟಗೆ ನಿಂತೋ ಕೂತೋ, ಒಂದೇ ಬದಿಯಿಂದ ತೆಗೆದದ್ದು. ಗಂಟಲಿನ ಪಕ್ಕದ ಗೋಡೆಗಳು ಒಳಕ್ಕೆ ಕುಸಿಯುತ್ತವೆಯೇ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಆನ್‌ಲೈನ್ ಕ್ಲಿಪ್ಪು ಬೇಡ. ಅದು ದವಡೆಯನ್ನು ಎಷ್ಟು ಮುಂದೆ ತರುತ್ತದೆ ಅನ್ನುವುದಕ್ಕೆ ಅಳತೆಯೇ ಇರುವುದಿಲ್ಲ, ಬೇಗ ಸಡಿಲ ಆಗುತ್ತದೆ. ಹಲ್ಲಿನ ಅಚ್ಚು ತೆಗೆದು ಮಾಡುವ ಕ್ಲಿಪ್ಪು ಬೇರೆ. ಅದು ಮೇಲಿನ ಕೆಳಗಿನ ಹಲ್ಲಿಗೆ ಹಿಡಿದುಕೊಂಡು ಕೆಳದವಡೆಯನ್ನು ಮುಂದೆ ನಿಲ್ಲಿಸುತ್ತದೆ. ನೀವು ದವಡೆ ಎಷ್ಟು ಮುಂದಕ್ಕೆ ಚಾಚಬಲ್ಲಿರೋ ಅದರ ಅರ್ಧದಿಂದ ಮುಕ್ಕಾಲಿನ ತನಕ ಸ್ವಲ್ಪ ಸ್ವಲ್ಪವೇ ತರುತ್ತೇವೆ. ಸಣ್ಣ ಮೈ, ಹಿಂದಕ್ಕಿರುವ ಕೆಳದವಡೆ, ಅಂಗಾತ ಮಲಗಿದಾಗ ಜಾಸ್ತಿ ಆಗುವ ಅಪ್ನಿಯಾ, ಇಂಥವರಿಗೆ ಇದು ಚೆನ್ನಾಗಿ ಹೊಂದುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಎದ್ದಾಗ ದವಡೆ ಸ್ವಲ್ಪ ನೋಯಬಹುದು, ಜೊಲ್ಲು ಬರಬಹುದು. ವರ್ಷಗಟ್ಟಲೆ ಹಾಕಿದರೆ ಹಲ್ಲು ಕೂಡುವ ರೀತಿ ತುಸು ಬದಲಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಿಕೊಂಡ ಮೇಲೆ ಮತ್ತೆ ರಾತ್ರಿ ಪರೀಕ್ಷೆ ಮಾಡಿಸಲೇಬೇಕು. ಗೊರಕೆ ನಿಂತಿತು ಅಂತ ಖುಷಿಯಾಗಿ ಬಿಟ್ಟುಬಿಡುತ್ತಾರೆ, ಒಳಗೆ ಉಸಿರು ನಿಲ್ಲುವುದು ಹಾಗೇ ಇರಬಹುದು.

ಆಪರೇಷನ್ ವಿಷಯದಲ್ಲಿ ಜನ ಎಲ್ಲವನ್ನೂ ಕಲಸಿಬಿಡುತ್ತಾರೆ. ಗದ್ದಕ್ಕೆ ಸಿಲಿಕೋನ್ ತುಂಡು ಇಡಿಸಿಕೊಂಡರೆ ಮುಖ ಚೆನ್ನಾಗಿ ಕಾಣುತ್ತದೆ ಅಷ್ಟೇ, ನಾಲಿಗೆಯ ಸ್ನಾಯು ಹುಟ್ಟುವ ಜಾಗ ಕದಲುವುದಿಲ್ಲ, ಉಸಿರಿಗೆ ನಯಾಪೈಸೆ ಲಾಭ ಇಲ್ಲ. ಕಿರುನಾಲಿಗೆ ಮತ್ತು ಮೆದು ಅಂಗುಳ ಕತ್ತರಿಸುವ ಆಪರೇಷನ್ನು 1980ರ ದಶಕದಿಂದ ಇದೆ, ಮುಚ್ಚಿಕೊಳ್ಳುವ ಜಾಗ ನಾಲಿಗೆ ಬುಡದಲ್ಲಿದ್ದರೆ ಅಂಗುಳ ಕತ್ತರಿಸಿ ಏನು ಪ್ರಯೋಜನ ಹೇಳಿ. ಮೇಲಿನ ಕೆಳಗಿನ ಎರಡೂ ದವಡೆ ಕತ್ತರಿಸಿ ಸುಮಾರು 10 ಮಿ.ಮೀ. ಮುಂದಕ್ಕೆ ತಂದು ಪ್ಲೇಟ್ ಹಾಕಿ ಕೂರಿಸುವ ಆಪರೇಷನ್ ಇದೆ. ಟ್ರಂಕನ್ನೇ ದೊಡ್ಡದು ಮಾಡುವುದು ಅದು. ದವಡೆಯ ತೊಂದರೆ ಇರುವವರಲ್ಲಿ ಫಲಿತಾಂಶ ಬಹಳ ಚೆನ್ನಾಗಿದೆ. ಆದರೆ ಸಣ್ಣ ಆಪರೇಷನ್ ಅಲ್ಲ. ವಾರಗಟ್ಟಲೆ ಮೆತ್ತಗಿನ ಊಟ, ಕೆಳತುಟಿ ಮತ್ತು ಗದ್ದಕ್ಕೆ ಮರಗಟ್ಟಿದ ಅನುಭವ, ಕೆಲವರಿಗೆ ಅದು ಪೂರ್ತಿ ಹೋಗುವುದೇ ಇಲ್ಲ. ಮುಖವೂ ಬದಲಾಗುತ್ತದೆ. ಕ್ಲಿಪ್ಪು, ಸಿಪ್ಯಾಪ್ ಎರಡೂ ಆಗಲಿಲ್ಲ ಅಂದ ಮೇಲೆ ನಾನು ಅದರ ಮಾತು ಎತ್ತುತ್ತೇನೆ. ಆ ದಾರಿಗೆ ಹೋಗುವ ಮುಂಚೆ ಔಷಧಿ ಕೊಟ್ಟು ಮಲಗಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಎಲ್ಲಿ ಮುಚ್ಚುತ್ತಿದೆ ಅಂತ ನೋಡುತ್ತಾರೆ. ಮೆದು ಅಂಗುಳವೋ, ಪಕ್ಕದ ಗೋಡೆಯೋ, ನಾಲಿಗೆ ಬುಡವೋ, ಕಿರುನಾಲಿಗೆಗಿಂತ ಕೆಳಗಿರುವ ಎಪಿಗ್ಲಾಟಿಸ್ ಮುಚ್ಚಳವೋ ಅಂತ. ಅದನ್ನು ನೋಡದೆ ಯಾರಾದರೂ ಆಪರೇಷನ್ ಟೇಬಲ್ಲಿಗೆ ಕರೆದರೆ ಎರಡನೇ ಅಭಿಪ್ರಾಯ ತಗೊಳ್ಳಿ.

ಹಾಗೇ ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ? ಥೈರಾಯ್ಡ್ ಕಡಿಮೆ ಇದ್ದರೂ ನಾಲಿಗೆ ಊದಿಕೊಳ್ಳುತ್ತದೆ, ಅದು ಮಾತ್ರೆಯಲ್ಲಿ ಸರಿಹೋಗುವ ಕಾರಣ.

ಕ್ಯಾತ್ಸಂದ್ರ_ಲೋಕಲ್:

ಥೈರಾಯ್ಡ್ ಆಗಿಲ್ಲ ಮೇಡಂ, ಮಾಡಿಸುತ್ತೇನೆ. ಸದ್ಯಕ್ಕೆ ಮೆಷಿನ್ನು ಬಾಡಿಗೆಗೆ ತಂದು ಮೂಗಿನ ಮಾಸ್ಕಿನಲ್ಲಿ ಶುರುಮಾಡಿ, ಆ ಕಡೆ ಕ್ಲಿಪ್ಪಿನ ಅಚ್ಚು ಕೊಡುತ್ತೇನೆ. ಕೆಳಗಿನ ಎರಡು ದವಡೆ ಹಲ್ಲು ತೆಗೆಸಿದ್ದೇನೆ, ಕ್ಲಿಪ್ಪಿಗೆ ತೊಂದರೆ ಆಗುತ್ತಾ?

ಕೋಲಾರ_ಹಲ್ಲು_ದವಡೆ:

ಎರಡಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಉಳಿದ ಹಲ್ಲು ಗಟ್ಟಿಯಾಗಿರಬೇಕು, ವಸಡು ಚೆನ್ನಾಗಿರಬೇಕು. ಹೋಗುವಾಗ ಎಕ್ಸ್‌ರೇ, ರಾತ್ರಿ ಪರೀಕ್ಷೆಯ ಪೂರ್ತಿ ರಿಪೋರ್ಟು, ಆ ಅಂಗಾತ-ಪಕ್ಕದ ಅಂಕಿ ಇರುವ ಹಾಳೆ ಸಮೇತ ತಗೊಂಡು ಹೋಗಿ. ಬಾಯಿ ತೆರೆಯುವಾಗ ಕಿವಿಯ ಮುಂದೆ ಕಟಕಟ ಸದ್ದೋ ನೋವೋ ಇದ್ದರೆ ಅಚ್ಚು ತೆಗೆಯುವ ಮುಂಚೆಯೇ ಹೇಳಿ.

ಚಿಂತಾಮಣಿ_ಟೊಮ್ಯಾಟೊ:

ಬಾಡಿಗೆ ಮೆಷಿನ್ ತಂದರೆ ಮಾಸ್ಕು, ಪೈಪು ಮಾತ್ರ ಹೊಸದು ಕೇಳಿ ತಗೊಳ್ಳಿ ಅಣ್ಣ. ಅಂಗಡಿಯಲ್ಲೇ ಮಲಗಿಕೊಂಡು ಹಾಕಿ ನೋಡಿ, ಕೂತಾಗ ಸರಿ ಇದ್ದ ಮಾಸ್ಕು ಮಲಗಿದರೆ ಸೋರುತ್ತದೆ.